ಹಸಿದ ಹೆಸರು

"ಎಲ್ಲಾ ಹೆಸರೂ ಬರೀರಿ ಸಾಮಿ, ಆ ಹೆರೆದಿರೋ ಜಾಗದ ಒಂದು ಹೆಸರು ಮಾತ್ರ ಬರೀಬ್ಯಾಡಿ," ಎಂದಳು ಅಖ್ತರ್ ಬಾನು. ಬಂಗಲೆಯ ಅಡಿಗೆಯವಳು ಅವಳು. ತಂದ ಚಹಾದ ಬಟ್ಟಲು ಇನ್ನೂ ಅವಳ ಕೈಯಲ್ಲೇ ಇತ್ತು. "ಏಳು ವರ್ಷದ ಹಿಂದೆ ನಮ್ಮ ಯಜಮಾನ್ರು ಹುಸೇನ್ ಸಾಬ್ ಬರೆದ್ರು. ಹತ್ತನೇ ದಿನಕ್ಕೆ ನನ್ನ ಬಷೀರಾ ಹೋದಳು. ಎದೆ ತುಂಬಾ ಹಾಲಿತ್ತು ಸಾಮಿ. ಕೂಸು ಹಸಿದು ಸತ್ತಿತು."

ವೆಂಕಟರಾಯಪ್ಪ ನಕ್ಕುಬಿಟ್ಟ. "ಸತ್ತು ಐನೂರು ವರ್ಷ ಆಗಿರೋನು ಸಮುದ್ರ ದಾಟಿ ಮುಳಬಾಗಿಲಿಗೆ ಬಂದನಾ? ಹಡಗಿನ ಟಿಕೀಟು ಯಾರು ತೆಗೆಸಿಕೊಟ್ರಮ್ಮ ಅವನಿಗೆ?"

"ನಗಬ್ಯಾಡಿ. ನಿಮಗೂ ಕೂಸೈತೆ," ಎಂದವಳೇ ಬಟ್ಟಲಿಟ್ಟು ಹೋದಳು.

ಅದು ಸಾವಿರದೊಂಬೈನೂರ ನಲವತ್ತೆರಡರ ಬೇಸಗೆ. ಇತಿಹಾಸದಲ್ಲಿ ಬಿ.ಎ. ಮಾಡಿದ್ದ ವೆಂಕಟರಾಯಪ್ಪ ಹೆಂಡತಿ ಭಾರತಮ್ಮನನ್ನೂ ನಾಲ್ಕು ತಿಂಗಳ ಮಗನನ್ನೂ ಕಟ್ಟಿಕೊಂಡು ಬೆಂಗಳೂರಿನಿಂದ ಬಂದು ಆಗಷ್ಟೇ ಒಂದು ತಿಂಗಳಾಗಿತ್ತು. ಬಂಗಲೆಯ ಹಿಂದಿನ ಎರಡು ಕೋಣೆಗಳಲ್ಲಿ ಅವರ ಸಂಸಾರ. ಬಂಗಲೆಯ ಒಡೆಯನನ್ನು ಊರವರು ಕೆರನ್ ದೊರೆ ಎನ್ನುತ್ತಿದ್ದರು. ಮೂವತ್ತು ವರ್ಷ ಚಿನ್ನದ ಗಣಿಯಲ್ಲಿ ದುಡಿದು ನಿವೃತ್ತನಾದ ಸ್ಕಾಟ್ಲೆಂಡಿನ ಮುದುಕ. ಹೆಂಡತಿ ತೀರಿಹೋಗಿದ್ದಳು. ಒಬ್ಬನೇ ಮಗ ಇಯಾನ್, ಆಫ್ರಿಕಾದ ಮರಳುಗಾಡಿನ ಯುದ್ಧದಲ್ಲಿ ಕಾಣೆಯಾಗಿದ್ದ. ದೊರೆಗೆ ಉಳಿದಿದ್ದುದು ಒಂದೇ ಹಂಬಲ: ತನ್ನ ಜಹಗೀರುದಾರ ಮನೆತನದ ವಂಶಾವಳಿಯನ್ನು ಪೂರ್ತಿ ಮಾಡಿಸುವುದು. ಅದಕ್ಕಾಗಿಯೇ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ವೆಂಕಟರಾಯಪ್ಪನನ್ನು ಕರೆಸಿಕೊಂಡಿದ್ದ.

ಆ ವಂಶಾವಳಿ ಕರುವಿನ ತೊಗಲಿನ ಮೇಲಿತ್ತು. ಬಿಚ್ಚಿದರೆ ಮೇಜಿನ ಉದ್ದಕ್ಕೂ ಹರಡುತ್ತಿತ್ತು. ಯಾರಿಗೆ ಯಾವ ಹೊಲ, ಯಾವ ರಾಜ ಕೊಟ್ಟ ಸನದು, ಯಾವ ಮನೆಯ ಹೆಣ್ಣು, ಎಷ್ಟು ಬೆಟ್ಟ ಬಳುವಳಿ. ಓದುತ್ತ ಓದುತ್ತ ವೆಂಕಟರಾಯಪ್ಪನಿಗೆ ನಮ್ಮ ಪಾಳೆಯಗಾರರ ಕೈಫಿಯತ್ತೇ ನೆನಪಾಗುತ್ತಿತ್ತು. ಅದೇ ಗಡಿಜಗಳ, ಅದೇ ದಾಯಾದಿ ಮತ್ಸರ. ಹೆಸರು ಮಾತ್ರ ಬೇರೆ.

ಹದಿನೈದನೇ ಶತಮಾನದಲ್ಲಿದ್ದ ರಾಬರ್ಟ್ ಎಂಬವನ ಹೆಸರಿನ ಕೆಳಗೆ ಒಂದು ಕಡೆ ಬರಿದಾಗಿತ್ತು. ಅಲ್ಲಿ ಯಾರೋ ಮತ್ತೆ ಮತ್ತೆ ಹೆರೆದು ತೊಗಲು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿತ್ತು. ಕಿಟಕಿಗೆ ಹಿಡಿದರೆ ಬೆಳಕು ಆಚೆಯಿಂದ ಈಚೆಗೆ ಬರುತ್ತಿತ್ತು.

"ಇಲ್ಲಿ ಯಾರಿದ್ರು ಸಾರ್?"

ದೊರೆ ಕಿಟಕಿಯಾಚೆ ನೋಡುತ್ತ ಹೇಳಿದ. ಅವನ ಕನ್ನಡ ನಿಧಾನವಾಗಿತ್ತು, ಸ್ಪಷ್ಟವಾಗಿತ್ತು. "ಮಾಲ್ಕಮ್. ಎಂಟು ತಿಂಗಳ ಮಗು. ಅಪ್ಪ ಯುದ್ಧದಲ್ಲಿ ಸತ್ತ. ಆಸ್ತಿಗೆಲ್ಲ ಈ ಮಗುವೇ ಒಡೆಯ. ಪಾಲಕನಾಗಿ ಬಂದ ಚಿಕ್ಕಪ್ಪ ವಾಲ್ಟರ್ ಮಗುವನ್ನು ಕೋಟೆಯ ನೆಲಮಾಳಿಗೆಯಲ್ಲಿ ಹಾಕಿ ಬಾಗಿಲು ಮುಚ್ಚಿಸಿದ. ತಾಯಿ ಗೋಡೆಯ ಹೊರಗೆ ನಿಂತಿದ್ದಳು. ಮೂರು ದಿನ ಅಳು ಕೇಳಿಸಿತಂತೆ. ಆಮೇಲೆ ಹೆಸರನ್ನೂ ಅಳಿಸಿದರು. ನಾನು ವಾಲ್ಟರನ ವಂಶದವನು." ಲೇಖನಿಯನ್ನು ಅವನತ್ತ ಸರಿಸಿ, "ಬರೆ. ಆ ಮಗುವಿಗೆ ನ್ಯಾಯ ಸಿಗಲಿ," ಎಂದ.

ಬಾಗಿಲ ಬಳಿ ಅಖ್ತರ್ ಬಾನು ನಿಂತಿದ್ದಳು. ವೆಂಕಟರಾಯಪ್ಪ ಅವಳತ್ತ ನೋಡಿ ಮೀಸೆಯಡಿ ನಕ್ಕು, ಲೇಖನಿ ಅದ್ದಿ ಬರೆದ.

ಶಾಯಿ ಒಣಗಲಿಲ್ಲ. ಯಾರೋ ನೆಕ್ಕಿದ ಹಾಗೆ ತೊಗಲೊಳಗೆ ಇಳಿದುಹೋಯಿತು. ಉರಿಬಿಸಿಲ ಮಧ್ಯಾಹ್ನ ಕೋಣೆಯಲ್ಲೆಲ್ಲ ಪಾಚಿಗಟ್ಟಿದ ಕಲ್ಲಿನ ತಣ್ಣನೆ ವಾಸನೆ ಎದ್ದಿತು. ದೊರೆ ಕಣ್ಣುಮುಚ್ಚಿ ಉದ್ದಕ್ಕೆ ಉಸಿರುಬಿಟ್ಟ.

ಅವತ್ತು ಸಂಜೆಯೇ ಭಾರತಮ್ಮನ ಮಗು ಮೊಲೆಯಿಂದ ಮುಖ ತಿರುಗಿಸಿತು.

ಮರುದಿನ ಒಳಲೆಯಲ್ಲಿ ಹಾಲು ಹಾಕಿದರು. ಹಾಲು ಕಟವಾಯಿಯಿಂದ ಇಳಿದುಹೋಯಿತು. ಜ್ವರವಿಲ್ಲ, ಭೇದಿಯಿಲ್ಲ. ಮುಳಬಾಗಿಲಿನ ಡಾಕ್ಟರು ತಲೆಯಾಡಿಸಿ ಹೊರಟರು. ಐದನೇ ದಿನಕ್ಕೆ ಮಗುವಿನ ಕೆನ್ನೆ ಗುಳಿಬಿದ್ದು ಮುಖ ಮುದುಕನಂತಾಯಿತು. ಅಳಲು ಅದಕ್ಕೆ ಶಕ್ತಿಯಿರಲಿಲ್ಲ. ಆದರೂ ಅಳು ಕೇಳುತ್ತಿತ್ತು. ಗೋಡೆಯೊಳಗಿಂದ. ಬೇರೊಂದು ಕೂಸಿನ ಅಳು.

"ರೀ, ಯಾರ ಮಗು ಅದು?" ಎಂದು ಭಾರತಮ್ಮ ಗೋಡೆಗೆ ಕಿವಿಯಿಟ್ಟಳು. ಅವಳ ರವಿಕೆ ಹಾಲಿನಿಂದ ತೊಯ್ದಿತ್ತು.

ಆರನೇ ದಿನ ದೊರೆಗೆ ತಂತಿ ಬಂತು. ಇಯಾನ್ ಸಿಕ್ಕಿದ್ದ. ಬದುಕಿದ್ದ. ವೆಂಕಟರಾಯಪ್ಪನಿಗೆ ಆಗ ಎಲ್ಲ ಹೊಳೆಯಿತು. ಓಡಿಹೋಗಿ ಮುದುಕನ ಅಂಗಿ ಹಿಡಿದ.

"ಏನ್ ಮಾಡಿದ್ರಿ ನನ್ನ ಮಗೂಗೆ?"

ದೊರೆ ಬಿಡಿಸಿಕೊಳ್ಳಲಿಲ್ಲ. "ಆ ತಾಯಿ ಶಾಪ ಹಾಕಿದಳು. ನನ್ನ ಮಗನ ಹೆಸರು ಹಸಿದೇ ಇರಲಿ, ನಿಮ್ಮ ವಾರಸುದಾರರನ್ನು ತಿನ್ನಲಿ ಎಂದು. ಹೊರಗಿನವನ ಕೈಯಲ್ಲಿ ಬರೆಸಿದರೆ ಹೆಸರು ಅವನ ಮನೆಗೆ ಹೋಗುತ್ತದೆ. ನಮ್ಮಪ್ಪ ಹಾಗೇ ಮಾಡಿದ, ಅಜ್ಜನೂ. ಇಯಾನ್‌ಗೆ ವಿಷಮಶೀತ ಜ್ವರ ಬಂದಾಗ ನಾನೂ ಮಾಡಿದೆ."

"ಹುಸೇನ್ ಸಾಬ್ ಕೈಲಿ!"

"ಹೌದು. ನನ್ನ ಜಾಹೀರಾತು ನೋಡಿ ಹಾಕಿದ ಅರ್ಜಿಯಲ್ಲಿ ಮಗುವಿದೆ ಎಂದು ನೀನು ಬರೆದಿದ್ದೆ. ಅದಕ್ಕೇ ನಿನ್ನನ್ನು ಆರಿಸಿದೆ." ಮುದುಕ ತೊಗಲನ್ನೂ ಸಣ್ಣ ಚಾಕುವನ್ನೂ ಮುಂದಕ್ಕೆ ತಳ್ಳಿದ. "ಕೊನೆಗೆ ಬರೆದವನ ಮನೆಗೇ ಅದು ಹೋಗೋದು. ಹೆರೆದುಹಾಕು. ಬರೀ ಹೆರೆದರೆ ಸಾಲದು, ಇನ್ನೊಬ್ಬನ ಕೈಯಲ್ಲಿ ಬರೆಸು. ಕೂಸಿರುವವನ ಕೈಯಲ್ಲಿ. ಬೇರೆ ದಾರಿ ನನಗೆ ಗೊತ್ತಿಲ್ಲ."

ವೆಂಕಟರಾಯಪ್ಪ ಅವನ ಮುಖಕ್ಕೆ ಉಗಿದ. ಆದರೆ ತೊಗಲನ್ನೂ ಚಾಕುವನ್ನೂ ಬಿಟ್ಟು ಬರಲಿಲ್ಲ.

ಮನೆಗೆ ಬಂದರೆ ಜಗಲಿಯ ಮೇಲೆ ಗಂಗುಲಪ್ಪ ಕೂತಿದ್ದ. ಭಾರತಮ್ಮನ ತಮ್ಮ. ರಾಯಲ್ಪಾಡಿನ ಶಾಲೆಯ ಮೇಷ್ಟ್ರು. ಅಕ್ಕನ ಕಾಗದ ಕಂಡವನೇ ಮೇಕೆಯನ್ನೇ ಗಾಡಿಗೆ ಹಾಕಿಕೊಂಡು ಬಂದಿದ್ದ.

"ಮೇಕೆ ಹಾಲು ಹಿಡಿಸ್ತದೆ ಭಾವ, ಹೆದರಬೇಡಿ. ನಮ್ಮ ಪಾಪಗೂ ಮೊದಲು ಹಿಂಗೇ ಆಗಿತ್ತು. ಈಗ ನೋಡಬೇಕು, ಆರೇ ತಿಂಗಳಿಗೆ ಗುಂಡುಗುಂಡಗಾಗವಳೆ. ನಮ್ಮನೆಯೋಳು ಆಂಜಿನಮ್ಮನ ಕೈಲಿ ಎತ್ತೋಕೇ ಆಗಲ್ಲ."

ಒಳಗೆ ಮಗುವಿನ ಉಸಿರು ಕೀರಲು ಹತ್ತಿತು. ಒಂದು ಉಸಿರು. ನಿಂತಿತು. ಮತ್ತೊಂದು. ಗೋಡೆಯೊಳಗಿನ ಅಳು ಏರುತ್ತಿತ್ತು. ಭಾರತಮ್ಮ ಚೀರಿದಳು.

ವೆಂಕಟರಾಯಪ್ಪ ತೊಗಲು ಹರಡಿದ. ಹೆರೆದ. ಬೆರಳು ಕುಯ್ದುಹೋಯಿತು. ಹೆರೆದ. ಹೆಸರು ಹೋಯಿತು. ಕಲ್ಲಿನ ವಾಸನೆ ಗಂಟಲಿಗೆ ಬಂತು.

"ಗಂಗು, ಇಲ್ಲೊಂದು ಹೆಸರು ಬರಿ. ಮಾಲ್ಕಮ್ ಅಂತ."

"ಈಗಲಾ ಭಾವ? ಮಗು ನೋಡಿ..."

"ದೊರೆ ದೊಡ್ಡ ಡಾಕ್ಟರನ್ನ ಕರೆಸ್ತಾನೆ. ಇದು ಮುಗಿದ್ರೆ ಕರೆಸ್ತಾನೆ. ನನ್ನ ಬೆರಳು ಕುಯ್ದುಹೋಗಿದೆ ಕಣೋ. ಬೇಗ!"

ಗಂಗುಲಪ್ಪ ಮಂಡಿಯೂರಿ ಕೂತ. ಲೇಖನಿ ಅದ್ದಿದ. ಒಂದು ಅಕ್ಷರ. ಇನ್ನೊಂದು. ವೆಂಕಟರಾಯಪ್ಪ ಬಾಯಿ ತೆರೆದ. ಬೇಡ ಎನ್ನಬೇಕು. ಈಗಲೇ ಎನ್ನಬೇಕು. ಒಳಗೆ ಉಸಿರು ನಿಂತಿತು. ಅವನು ಬಾಯಿ ಮುಚ್ಚಿದ. ಕೊನೆಯ ಅಕ್ಷರ.

ಗೋಡೆ ಮೌನವಾಯಿತು.

ಒಳಗೆ ಮಗು ಗಟ್ಟಿಯಾಗಿ ಅತ್ತಿತು. ಹಸಿವಿನ ಅಳು, ಜೀವದ ಅಳು. "ಕುಡೀತಾ ಇದ್ದಾನೆ! ರೀ, ಕುಡೀತಾ ಇದ್ದಾನೆ!" ಎಂದು ಭಾರತಮ್ಮ ನಗುತ್ತ ಅಳುತ್ತ ಕೂಗಿದಳು.

ಗಂಗುಲಪ್ಪನ ಕಣ್ಣಲ್ಲೂ ನೀರು ತುಂಬಿತು. ಅದನ್ನು ಮುಂಗೈಯಿಂದ ಒರೆಸಿಕೊಂಡು, ತಾನು ಬರೆದುದನ್ನು ಸ್ವಲ್ಪ ದೂರಕ್ಕೆ ಹಿಡಿದು ನೋಡಿದ.

"ಅಕ್ಷರ ಚೆನ್ನಾಗಿ ಬಂತಾ ಭಾವ?" ಎಂದು ಕೇಳಿದ.