ಮೀಟದ ತಂತಿ ಮಿಡಿದಾಗ

ಬಹಳ ಹಿಂದೆ, ಬೆಟ್ಟಗಳೂ ಕಿವಿಗೊಡುತ್ತಿದ್ದ ಕಾಲದಲ್ಲಿ, ಕಂಕಣಪುರವೆಂಬ ರಾಜ್ಯವಿತ್ತು. ಅಲ್ಲಿ ಸೋಮಲೆ ಎಂಬ ಸಿತಾರ್ ವಾದಕಿಯೂ ಅವಳ ತಂಗಿ ಕೇತಲೆಯೂ ಇದ್ದರು.

ಸಿತಾರ್ ಎಂದರೆ ಉದ್ದ ಕತ್ತಿನ, ಸೋರೆ ಬುರುಡೆಯ ವಾದ್ಯ. ಅದರ ಮೇಲಿನ ತಂತಿಗಳನ್ನು ಬೆರಳಿನಿಂದ ಮೀಟಬೇಕು. ಅವುಗಳ ಅಡಿಯಲ್ಲಿ ಸಣ್ಣ ತರಬ್ ತಂತಿಗಳಿರುತ್ತವೆ. ಅವನ್ನು ಮೀಟಬೇಕಾಗಿಲ್ಲ. ತಮ್ಮ ಸ್ವರ ಹತ್ತಿರದಲ್ಲಿ ಕೇಳಿಬಂದರೆ ಸಾಕು, ತಾವಾಗಿಯೇ ಝೇಂಕರಿಸುತ್ತವೆ. ಇದು ಮಾಯೆಯಲ್ಲ, ಸಿತಾರಿನ ಸ್ವಭಾವ.

ಸೋಮಲೆ ಎಂದೂ ಹಾಡುತ್ತಿರಲಿಲ್ಲ. ಏಕೆಂದರೆ ಒಮ್ಮೆ ಹಾಡಿದಾಗ ಕೇತಲೆ, "ಅಕ್ಕಾ, ಕಾಗೆ ಕೂಗುತ್ತಿದೆ, ನೆಂಟರು ಬರುತ್ತಾರೇನೋ!" ಎಂದು ನಕ್ಕಿದ್ದಳು.

ಆ ನಗೆಯೇ ಕೇತಲೆಗೆ ಮುಳುವಾಯಿತು. ಸಂತೆಯಲ್ಲಿ ಕಾರ್ಗಲ್ಲನೆಂಬ ಮಾಂತ್ರಿಕನ ಗಡ್ಡ ನೋಡಿ ನಕ್ಕಳು. ಅವನು ಮಂತ್ರದಂಡ ಬೀಸಿ ಅವಳನ್ನು ಕಲ್ಲಾಗಿಸಿ, "ಹುಣ್ಣಿಮೆಗೆ ಇವಳನ್ನು ಪುಡಿ ಮಾಡುವೆ" ಎಂದು ಗುಹೆಗೆ ಒಯ್ದ. ಅವನನ್ನು ಹಿಡಿಯಲು ಅಲ್ಲಿಗೆ ಹೋದ ಸೈನಿಕರೂ ಕಲ್ಲಾದರು.

ಸೋಮಲೆ ಸಿತಾರ್ ಹೊತ್ತು ಹೊರಟಳು. ಅವಳಿಗೆ ಸಿತಾರ್ ಕಲಿಸಿದ ಗುರುಗಳು ಎಚ್ಚರಿಸಿದರು: "ಮಗಳೇ, ಶುದ್ಧ ರಾಗವನ್ನಲ್ಲದೆ ಬೇರೇನೂ ನುಡಿಸಬೇಡ."

ಗುಹೆಯ ಮೊದಲ ಬಾಗಿಲಲ್ಲಿ ಏಳು ಹೆಡೆಯ ಸರ್ಪವಿತ್ತು. "ಸಂಜೆಯಾಯಿತು. ಸಂಜೆಯ ರಾಗ ಯಮನ್ ನುಡಿಸು. ತಪ್ಪಿದರೆ ನುಂಗುವೆ" ಎಂದಿತು. ಅವಳು ನುಡಿಸಿದಳು. ಏಳು ಹೆಡೆಗಳೂ ತೂಗಿದವು, ದಾರಿ ಬಿಟ್ಟವು.

ಎರಡನೆಯ ಬಾಗಿಲಲ್ಲಿ ಬೆಟ್ಟದಂಥ ಕರಡಿಯಿತ್ತು. ಯಮನ್ ಕೇಳಿ ಅದು ತಲೆ ಹಿಡಿದುಕೊಂಡಿತು.

"ಅಯ್ಯೋ ತಾಯಿ, ನನಗಿದೆಲ್ಲ ತಿಳಿಯುವುದಿಲ್ಲ! ನಿದ್ದೆ ಬಾರದೆ ನೂರು ವರ್ಷವಾಯಿತು. ಅವ್ವನ ಜೋಗುಳ ಬರುತ್ತದೇನು?"

ಗುರುಗಳ ಮಾತು ನೆನಪಾಯಿತು, ಆದರೆ ತಂಗಿಯ ಮುಖವೂ ನೆನಪಾಯಿತು. ಅವಳು ತಂತಿಯನ್ನು ಎಳೆದು ಜೋಗುಳ ಮೀಟಿದಳು. ಹಾಗೆ ಎಳೆದರೆ ಸಿತಾರ್ ಮನುಷ್ಯರ ದನಿಯಂತೆ ಜಾರುತ್ತದೆ. "ಅವ್ವಾ..." ಎನ್ನುತ್ತ ಕರಡಿ ಮಲಗಿತು.

ಮೂರನೆಯ ಬಾಗಿಲಲ್ಲಿ ಕಾರ್ಗಲ್ಲನೇ ನಿಂತಿದ್ದ. ಕತ್ತಿ ಬೀಸಿ ಮೇಲಿನ ತಂತಿಗಳನ್ನೆಲ್ಲ ಕತ್ತರಿಸಿದ.

"ಈಗೇನು ನುಡಿಸುತ್ತೀಯೆ?"

ಮೀಟುವ ತಂತಿಗಳೇ ಸಿತಾರ್ ಎಂದು ಅವನು ತಿಳಿದಿದ್ದ. ಕೆಳಗಿನವನ್ನು ಅವನು ನೋಡಲೇ ಇಲ್ಲ.

ಅವನ ಹಿಂದೆಯೇ ಕೇತಲೆ ಕಲ್ಲಾಗಿ ನಿಂತಿದ್ದಳು; ಸೋಮಲೆ ಹೋಗಿ ತಂಗಿಯ ಪಾದದ ಬಳಿ ಕುಳಿತಳು. ನಾಚಿಕೆ ಬಿಟ್ಟು, ಇಬ್ಬರೂ ರಾಗಿ ಬೀಸುವಾಗ ಕೇತಲೆ ಹೇಳುತ್ತಿದ್ದ ಪದವನ್ನು ತನ್ನ ಒಡಕು ದನಿಯಲ್ಲೇ ಹಾಡಿದಳು. ದನಿ ಒಡಕಾದರೂ ಸ್ವರ ಸರಿಯಿತ್ತು. ಒಂದು ತರಬ್ ತಂತಿ ಝುಂ ಎಂದಿತು. ಮತ್ತೊಂದೂ ಝುಂ ಎಂದಿತು. ಎಲ್ಲವೂ ಎಂದವು. ಗುಹೆಯ ಕಲ್ಲುಗಳೂ ಝುಂ ಎಂದವು. ಆ ನಾದಕ್ಕೆ ಮಾಂತ್ರಿಕನ ದಂಡ ಸೀಳಿಹೋಯಿತು. ದಂಡವಿಲ್ಲದ ಕಾರ್ಗಲ್ಲ ಬರೀ ಗಡ್ಡದ ಮುದುಕ. ಕಿವಿ ಮುಚ್ಚಿಕೊಂಡು ಓಡಿಹೋದ.

ಸೈನಿಕರು ಮೈ ಕೊಡವಿದರು. ಕೇತಲೆ ಕಣ್ಣು ಬಿಟ್ಟಳು.

"ಅಕ್ಕಾ, ಕಾಗೆ ಕೂಗಿತಾ?"

"ಹೂಂ ಕಣೇ, ಎದ್ದೇಳು" ಎಂದು ಸೋಮಲೆ ಅತ್ತಳು, ನಕ್ಕಳು.

ಅಂದಿನಿಂದ ಕಂಕಣಪುರದ ಸಿತಾರ್ ಆಸ್ಥಾನದಲ್ಲೂ ಮೊಳಗಿತು, ತೊಟ್ಟಿಲ ಬಳಿಯೂ ಮಿಡಿಯಿತು. ಗುರುಗಳೇ ಬೀಸುವ ಪದ ಕಲಿತರು. ಎಲ್ಲರೂ ಸುಖವಾಗಿ ಬಾಳಿದರು. ಸೋಮಲೆ ದಿನವೂ ಹಾಡಿದಳು. ನೆಂಟರೂ ದಿನವೂ ಬಂದರು.