ಗಿರಣಿಗೆ ಬಂದ ಹದಿನಾಲ್ಕು ಜನ

"ಏನ್ರೀ ನಿಮ್ ಪ್ರಾಬ್ಲಮ್ಮು? ಮೂರು ದಿನದಿಂದ ನೋಡ್ತಾನೇ ಇದ್ದೀನಿ!"

ಇರಣ್ಣನ ಟೀ ಅಂಗಡಿ ಒಮ್ಮೆಲೇ ಗಪ್‌ಚಿಪ್ ಆಯಿತು.

ಬೆಂಚಿನ ಮೇಲಿದ್ದ ಹುಡುಗ ಬೆಚ್ಚಿ ತಲೆಯೆತ್ತಿದ. ಎದುರಿಗೆ ನೀಲಾಂಬಿಕಾ! ಮೊಣಕೈವರೆಗೆ ಜೋಳದ ಹಿಟ್ಟು, ಕಣ್ಣರೆಪ್ಪೆಯ ಮೇಲೂ ಹಿಟ್ಟು... ಅದರ ನಡುವೆ ಉರಿಯುವ ಎರಡು ಕಣ್ಣು.

"ನಾನಾ? ನಾನು... ಟೀ ಕುಡೀತಿದ್ದೆ."

"ಬೆಳಗ್ಗೆ ಏಳರಿಂದ ಒಂದೇ ಟೀನಾ? ನಮ್ಮ ಗಿರಣಿ ಕಡೆನೇ ಮುಖ ಮಾಡ್ಕೊಂಡು?"

ಅವನು ಬಲಗೈ ಮುಷ್ಟಿಯನ್ನು ಮೆಲ್ಲಗೆ ಬ್ಯಾಗಿನೊಳಗೆ ತೂರಿಸಿದ. "ಹಿಟ್ಟು... ಹಿಟ್ಟು ಮಾಡಿಸ್ಬೇಕಿತ್ತು. ಹೇಗೆ ಕೇಳೋದು ಅಂತ..."

"ಹಿಟ್ಟಿನ ಗಿರಣೀಲಿ ಹಿಟ್ಟು ಕೇಳೋಕೆ ಮೂರು ದಿನ ಧೈರ್ಯ ತಗೋಬೇಕಾ ಗುರೂ!" ಎಂದು ಇರಣ್ಣ ನಕ್ಕ. ಅಂಗಡಿಯೆಲ್ಲ ನಕ್ಕಿತು. ನೀಲಾ ಮಾತ್ರ ನಗು ತಡೆದುಕೊಂಡು ರಸ್ತೆ ದಾಟಿದಳು.

'ನನ್ನ ನೋಡೋಕೇ ಕೂತಿದ್ದಾನೆ ಲೂಸು...' ಎಂದುಕೊಂಡಳು. ಹಾಗೆಂದುಕೊಂಡಾಗ ಕೋಪ ಬರಬೇಕಿತ್ತು. ಬರಲಿಲ್ಲ!

ಜಾಲಹಳ್ಳಿ ಕ್ರಾಸಿನ ಆ ಗಲ್ಲಿಯಲ್ಲಿ, ಟೀ ಅಂಗಡಿಯ ಎದುರಿಗೆ ಇದ್ದದ್ದು ಏಳೇ ಅಂಗಡಿ, ಒಂದೇ ಸಾಲು. ಕೊನೆಯದು ಅವಳ ಅಪ್ಪ ಸಿದ್ದರಾಮಪ್ಪನ ಹಿಟ್ಟಿನ ಗಿರಣಿ. ಅಪ್ಪನಿಗೆ ಉಬ್ಬಸ ಶುರುವಾದ ಮೇಲೆ ಬೆಲ್ಟು ಹಾಕುವುದರಿಂದ ಹಿಡಿದು ಸವೆದ ಬೀಸುಕಲ್ಲಿಗೆ ಹಲ್ಲು ಕುಟ್ಟುವವರೆಗೆ ಎಲ್ಲ ಅವಳದೇ. ಕಟ್ಟಡದ ಮಾಲೀಕರು ಪಟ್ಟಾಭಿರಾಮ್ ಅವರು ಈ ಸಾಲನ್ನು ಕೆಡವಿ ನಾಲ್ಕು ಮಹಡಿ ಎಬ್ಬಿಸುತ್ತಾರಂತೆ, ಕೆಳಗೆ ದೊಡ್ಡ ಮಾರ್ಟ್ ಬರುತ್ತದಂತೆ, ಜನ ಹೆಚ್ಚಾಗಿ ಬರುವ ಅಂಗಡಿಗಳಿಗೆ ಮಾತ್ರ ಹೊಸದರಲ್ಲಿ ಜಾಗವಂತೆ... ಹೀಗೆ ಮಾತು ಹಬ್ಬಿ ಆರು ತಿಂಗಳಾಗಿತ್ತು.

ಮರುದಿನ ಅವನು ನಿಜಕ್ಕೂ ಬಂದ! ಎರಡು ಕೆಜಿ ಗೋಧಿ, ಅದೂ ಪ್ಲಾಸ್ಟಿಕ್ ಕವರಿನಲ್ಲಿ.

"ಡಬ್ಬಿ ಎಲ್ಲಿ?"

"ಡಬ್ಬಿ ಬೇಕಾ?"

"ಬಿಸಿ ಹಿಟ್ಟು ಕವರಿಗೆ ಹಾಕಿದ್ರೆ ಬೆವರುತ್ತೆ. ನಿಮ್ಮನೇಲಿ ಯಾವತ್ತೂ ಗಿರಣಿಗೆ ಹೋಗಿಲ್ವಾ?"

"ಅಮ್ಮ ಪ್ಯಾಕೆಟ್ ತರ್ತಾರೆ." ಹೆಸರು ಆಕರ್ಷ್, ಮನೆ ಇಲ್ಲೇ ಜಾಲಹಳ್ಳಿ ಕ್ವಾರ್ಟರ್ಸ್ ಹಿಂದೆ, ತಾಯಿ ಪ್ರಭಾ ಫ್ಯಾಕ್ಟರಿಯಿಂದ ರಿಟೈರ್ ಆಗಿದ್ದಾರೆ ಎಂದೆಲ್ಲ ಒಂದೇ ಉಸಿರಿಗೆ ಹೇಳಿದ. ಕೆಲಸ ಏನು ಎಂದು ಕೇಳಿದ್ದಕ್ಕೆ ಮಾತ್ರ "ಆಫೀಸಲ್ಲಿ..." ಎಂದು ತೇಲಿಸಿಬಿಟ್ಟ.

ಅವಳು ಗೋಧಿ ಇಸಿದುಕೊಂಡ ಮೇಲೂ ಅವನು ಅಲ್ಲೇ ನಿಂತಿದ್ದ.

"ಯಾಕೆ ನಿಂತಿದ್ದೀರಾ? ಇಲ್ಲಿ ಯಾರೂ ನಿಲ್ಲಲ್ಲ ಕಣ್ರೀ. ಇಟ್ಟು ಹೋಗ್ತಾರೆ, ಶಿಫ್ಟ್ ಮುಗಿಸ್ಕೊಂಡು ತಗೊಂಡು ಹೋಗ್ತಾರೆ."

ಅವನು ಗೋಡೆಯ ಉದ್ದಕ್ಕೂ ಜೋಡಿಸಿದ್ದ ಡಬ್ಬಿಗಳನ್ನು ನೋಡಿದ. ಬಣ್ಣದ ಡಬ್ಬಿ, ಎಣ್ಣೆ ಟಿನ್ನು, ಸ್ಟೀಲು... ಮುಚ್ಚಳದ ಮೇಲೆ ಊರಿನ ಹೆಸರು, ರೂಮಿನ ನಂಬರು. ಅವನ ಮುಖ ಯಾಕೋ ಬಿಳಿಚಿಕೊಂಡಿತು.

"ಇವೆಲ್ಲ... ಇವತ್ತಿಂದಾ?"

"ಮಧ್ಯಾಹ್ನದವರೆಗಿಂದು."

ಆಮೇಲೆ ವಾರಕ್ಕೆ ಎರಡು ಸಲ ಬರತೊಡಗಿದ. ಗೋಧಿ, ರಾಗಿ, ಒಮ್ಮೆ ಅಕ್ಕಿ. ಮಿಷನ್ನಿನ ಸದ್ದಿನಲ್ಲಿ ಮಾತು ಕೇಳಿಸುತ್ತಿರಲಿಲ್ಲ. ಹತ್ತಿರ ಬಂದು ಕಿವಿಯಲ್ಲೇ ಹೇಳಬೇಕಿತ್ತು. ಇಬ್ಬರಿಗೂ ಅದರಿಂದ ತೊಂದರೆಯೇನೂ ಇರಲಿಲ್ಲ!

ಎಷ್ಟೋ ಸಲ ಅವನು, "ನೀಲಾ ಅವ್ರೇ, ನಿಮಗೊಂದು ವಿಷಯ ಹೇಳ್ಬೇಕು..." ಎಂದು ಶುರು ಮಾಡುತ್ತಿದ್ದ. ಅವಳ ಎದೆ ಬೆಲ್ಟಿನ ಹಾಗೆ ಓಡುತ್ತಿತ್ತು. ಅವನು ಮಾತ್ರ "ಇನ್ನೊಂದ್ ದಿನ ಹೇಳ್ತೀನಿ" ಎನ್ನುತ್ತಿದ್ದ.

"ಆ ಹುಡುಗನ ಮನ್ಯಾಗ ಎಷ್ಟ್ ಮಂದಿ ಅದಾರ ಯವ್ವಾ? ಆನಿ ಸಾಕ್ಯಾರೇನು, ಇಷ್ಟ್ ಹಿಟ್ಟು!" ಎಂದು ಕಾಲೆಳೆಯುತ್ತಿದ್ದಳು ಜೋಳ ತರುವ ಮುದುಕವ್ವ. "ಅಂವ ಹಿಟ್ಟಿಗಿ ಬರೂದಿಲ್ಲ, ನನ್ಗ ಗೊತ್ತೈತಿ."

ನೀಲಾ ನಾಚಿ ಬಗ್ಗಿ ಹಿಟ್ಟು ಗುಡಿಸುತ್ತಿದ್ದಳು.

ಹೀಗೆ ಎರಡು ತಿಂಗಳಾದ ಮೇಲೆ ಒಂದು ಶನಿವಾರ ಪಟ್ಟಾಭಿರಾಮ್ ಅಂಗಡಿಯವರನ್ನೆಲ್ಲ ಮೀಟಿಂಗಿಗೆ ಕರೆದರು. ಅಪ್ಪನ ಕೈಹಿಡಿದು ನೀಲಾ ಒಳಗೆ ಹೋದಳು. ಗೋಡೆಯ ಮೇಲೆ ಹೊಸ ಕಟ್ಟಡದ ನಕ್ಷೆ. ಪಕ್ಕದಲ್ಲಿ, ಕೊರಳಿಗೆ ಬಿಲ್ಡರ್ ಕಂಪನಿಯ ಐಡಿ ಕಾರ್ಡ್ ಹಾಕಿಕೊಂಡು ನಿಂತಿದ್ದವನು...

ಆಕರ್ಷ್!

"ಸರ್ವೆ ಓದಪ್ಪಾ" ಎಂದರು ಪಟ್ಟಾಭಿರಾಮ್.

ಅವನು ಅವಳನ್ನು ನೋಡಿದ. ಕಾಗದ ನೋಡಿದ. ಕೊನೆಗೆ ಮಾಲೀಕರೇ ಕಾಗದ ಕಿತ್ತುಕೊಂಡು ಓದಿದರು. "ಬೇಕರಿ, ದಿನಕ್ಕೆ ಮುನ್ನೂರು ಜನ. ಮೊಬೈಲ್ ಅಂಗಡಿ, ತೊಂಬತ್ತು. ಗಿರಣಿ... ಹದಿನಾಲ್ಕು. ಸಿದ್ದರಾಮಪ್ಪ, ಬೇಜಾರ್ ಮಾಡ್ಕೋಬೇಡಿ. ಹಿಟ್ಟು ಮಾರ್ಟಲ್ಲೇ ಸಿಗುತ್ತಲ್ಲ, ಪ್ಯಾಕೆಟ್ಟು."

ಅಪ್ಪ ಅವಳ ಕೈ ಬಿಡಿಸಿಕೊಂಡು ಬಾಗಿಲ ಕಡೆ ನಡೆದರು.

ಅವಳಿಗೆ ಎಲ್ಲ ಅರ್ಥವಾಯಿತು. ಟೀ ಅಂಗಡಿ, ಮೂರು ದಿನ, ಬ್ಯಾಗಿಗೆ ಹೋದ ಮುಷ್ಟಿ... ಆ ಮುಷ್ಟಿಯಲ್ಲಿ, ಬಂದವರನ್ನು ಒತ್ತಿ ಒತ್ತಿ ಎಣಿಸುವ ಪುಟ್ಟ ಯಂತ್ರವಿತ್ತು!

ಹೊರಗೆ ಅವನು ಓಡಿ ಬಂದ. "ನೀಲಾ, ಒಂದು ನಿಮಿಷ..."

"ನನ್ನ ನೋಡ್ತಿದ್ದೀರಾ ಅಂದ್ಕೊಂಡಿದ್ದೆ." ಅವಳು ಕೂಗಲಿಲ್ಲ. ಕೂಗಿದ್ದರೆ ಅವನಿಗೆ ಹಗುರವಾಗುತ್ತಿತ್ತೇನೋ. "ತಲೆ ಎಣಿಸ್ತಿದ್ರಿ. ಅಷ್ಟೇ ಅಲ್ವಾ?"

"ಲೆಕ್ಕ ತಪ್ಪು ಅಂತ ನಿಮ್ಮ ಗಿರಣಿಗೆ ಬಂದ ಮೊದಲ ದಿನಾನೇ ಗೊತ್ತಾಯ್ತು. ಅಷ್ಟರಲ್ಲಿ ರಿಪೋರ್ಟ್ ಕೊಟ್ಟಾಗಿತ್ತು. ನನ್ನ ಮೊದಲ್ನೇ ಕೆಲಸ ಇದು... ತಪ್ಪು ಮಾಡಿದ್ದೀನಿ ಅಂತ ಆಫೀಸಲ್ಲಿ ಹೇಳೋಕೆ ಭಯ. ನಿಮಗೆ ಹೇಳಿದ್ರೆ ಮತ್ತೆ ಮುಖ ನೋಡಲ್ಲ ಅಂತ ಇನ್ನೂ ಭಯ."

"ಎರಡು ತಿಂಗಳು ನಗ್ತಾ ಹಿಟ್ಟು ತಗೊಂಡು ಹೋದ್ರಲ್ಲ... ಆಗ ನಮ್ಮಪ್ಪನ ಮುಖ ನೋಡೋಕೆ ಭಯ ಆಗ್ಲಿಲ್ವಾ?"



ಎರಡು ದಿನ ಅವಳು ಸರಿಯಾಗಿ ಊಟ ಮಾಡಲಿಲ್ಲ. ಯೋಚಿಸಿದಳು. ಅತ್ತು ಕೂತರೆ ಅಪ್ಪನ ಮೂವತ್ತು ವರ್ಷ ಆ ಹದಿನಾಲ್ಕರಲ್ಲೇ ಮುಗಿದುಹೋಗುತ್ತದೆ... ಮೂರನೆಯ ದಿನ ಅವಳೇ ಅವನಿಗೆ ಫೋನ್ ಮಾಡಿದಳು.

"ನಾಳೆ ಬೆಳಗ್ಗೆ ಆರಕ್ಕೆ ಬನ್ನಿ. ಟೀ ಅಂಗಡಿಗಲ್ಲ. ಒಳಗೆ ಬಂದು ಕೂತ್ಕೊಂಡು ಎಣಿಸಿ."

ಅವನು ಐದೂವರೆಗೇ ಬಂದಿದ್ದ!

ಆರೂಕಾಲಿಗೆ ಪೀಣ್ಯದ ಫ್ಯಾಕ್ಟರಿಗೆ ಹೊರಟಿದ್ದ ಕೊಟ್ರಪ್ಪ ಮೊಪೆಡ್ ನಿಲ್ಲಿಸಿದ. ಮನುಷ್ಯ ಒಬ್ಬ, ಡಬ್ಬಿ ಒಂಬತ್ತು. "ನಮ್ ವಠಾರದ್ದು ಎಲ್ಲಾರದೂ ಐತ್ರಿ ಅಕ್ಕಾರ. ಸಂಜಿಕಿ ಒಯ್ತೀನಿ." ಆಮೇಲೆ ಕಟ್ಟಡ ಕೆಲಸದ ಹೆಂಗಸರು, ತಲೆಯ ಮೇಲೊಂದು, ಕಂಕುಳಲ್ಲೊಂದು.

ಸಂಜೆ ಏಳರವರೆಗೆ ಅವನು ಮುಚ್ಚಳದ ಮೇಲಿನ ಒಂದೊಂದು ಹೆಸರನ್ನೂ ಬರೆದುಕೊಂಡ. ಅಷ್ಟು ಹೊತ್ತಿಗೆ ಅವನ ಹುಬ್ಬು, ಮೀಸೆ ಎಲ್ಲ ಬೆಳ್ಳಗಾಗಿತ್ತು.

ನೂರ ಅರವತ್ಮೂರು ಡಬ್ಬಿ.

ಕೆಳಗೆ ಅವನೇ ಬರೆದ: 'ನನ್ನ ಮೊದಲಿನ ಲೆಕ್ಕ ತಪ್ಪು. ನಾನು ಜನರನ್ನು ಎಣಿಸಿದೆ, ಡಬ್ಬಿಗಳನ್ನು ಎಣಿಸಲಿಲ್ಲ.' ಸಹಿ ಹಾಕಿದ.

ಆ ಹಾಳೆ ಹಿಡಿದು ನೀಲಾ ತಾನೇ ಪಟ್ಟಾಭಿರಾಮ್ ಅವರ ಮನೆಗೆ ಹೋದಳು. ಜೊತೆಗೆ ಕರೆಯದಿದ್ದರೂ ಮುದುಕವ್ವ ಬಂದಳು.

"ಪ್ಯಾಕೆಟ್ ಹಿಟ್ಟಿಗಿ ಜಿಗಿ ಇರೂದಿಲ್ರೀ ಸಾವ್ಕಾರ್ರ, ರೊಟ್ಟಿ ಬಡಿಯೂಮುಂದ ಒಡೀತಾವ. ಗಿರಣಿ ಹೋತಂದ್ರ ನಾವು ಇನ್ನೊಂದು ಗಿರಣಿ ಇರೂ ಕಡಿ ಹೊಕ್ಕೀವಿ. ಬ್ಯಾಳಿ, ಬೆಲ್ಲ ಎಲ್ಲಾ ಅಲ್ಲೇ ತಗೋತೀವಿ. ನಿಮ್ ಮಾರ್ಟ್‌ನ್ಯಾಗ ನೊಣಾ ಹೊಡೀರಿ!"

ಪಟ್ಟಾಭಿರಾಮ್ ಹಾಳೆಯನ್ನು ಎರಡು ಸಲ ಓದಿದರು. ಹತ್ತು ದಿನದ ನಂತರ ಹೇಳಿ ಕಳಿಸಿದರು: ಹೊಸ ಕಟ್ಟಡದಲ್ಲಿ ಗಿರಣಿಗೆ ಹಿಂದಿನ ಗಲ್ಲಿಯ ಕಡೆ ಬಾಗಿಲು, ಮಿಷನ್ನಿಗೆ ಬೇರೆಯೇ ತಳಪಾಯ. ಜಾಗ ಈಗಿನದಕ್ಕಿಂತ ಸಣ್ಣದು. ಆದರೆ ಇದೆ!

ಅಪ್ಪ ಅಂದು ಉಬ್ಬಸ ಮರೆತು ಜೋರಾಗಿ ನಕ್ಕರು.

ಆಕರ್ಷ್ ಮಾತ್ರ ಬರಲಿಲ್ಲ. ಒಂದು ವಾರ... ಎರಡು ವಾರ...

"ಅವ್ನನ್ನ ಆ ಸರ್ವೆ ಕೆಲ್ಸದಿಂದ ತೆಗೆದ್ರಂತಲ್ಲಮ್ಮ, ಗೊತ್ತಿಲ್ವಾ?" ಎಂದ ಇರಣ್ಣ. "ಈಗ ಜಿಗಣಿ ಸೈಟಿಗೆ ಹಾಕಿದ್ದಾರಂತೆ. ದಿನಾ ಎರಡೂವರೆ ಗಂಟೆ ಬಸ್ಸು."

ಆ ಭಾನುವಾರ ಬೆಳಗ್ಗೆ ಅವಳು ಕ್ವಾರ್ಟರ್ಸ್ ಹಿಂದಿನ ಬೀದಿ ಹುಡುಕಿಕೊಂಡು ಹೋದಳು. ಗೇಟಿನ ಬಳಿ ಗಿಡಗಳಿಗೆ ನೀರು ಹಾಕುತ್ತಿದ್ದ ಅವನು ಪೈಪು ಕೈಬಿಟ್ಟ.

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ... ನಿಮಗೋಸ್ಕರ ಆ ಕೆಲ್ಸ ಕಳ್ಕೊಂಡೆ ಅಂತ ತೋರಿಸ್ಕೊಂಡ ಹಾಗಾಗುತ್ತೆ. ತಪ್ಪು ನಂದೇ ಅಲ್ವಾ?"

ಅವಳ ಕಣ್ಣು ತುಂಬಿತು. ಎಷ್ಟು ದಿನದಿಂದ ಹಿಡಿದಿಟ್ಟಿದ್ದಳೋ!

"ಇನ್ನೇನಾದ್ರೂ ಮುಚ್ಚಿಟ್ಟಿದ್ದೀರಾ?"

"ಒಂದಿದೆ."

"ಈಗ್ಲೇ ಹೇಳಿ."

"ನೀವಂದ್ರೆ ನನಗೆ ಇಷ್ಟ. ತುಂಬಾ. ಅಮ್ಮಂಗೆ ಆಗ್ಲೇ ಹೇಳಿಬಿಟ್ಟಿದ್ದೀನಿ... ನಿಮ್ಮಪ್ಪನ್ನ ಮಾತಾಡ್ಸೋಕೆ ಬರ್ತಾರಂತೆ. ನೀವು ಬೇಡ ಅಂದ್ರೆ..."

ಅವಳು ಬಗ್ಗಿ, ಕಾಂಪೌಂಡೆಲ್ಲ ನೆನೆಸುತ್ತಿದ್ದ ಪೈಪನ್ನು ಎತ್ತಿ ಗಿಡದ ಬುಡಕ್ಕಿಟ್ಟಳು. ಮುಖ ತಿರುಗಿಸಿಯೇ ಹೇಳಿದಳು:

"ಬರ್ಲಿ. ಜೊತೇಲಿ ನೀನೂ ಬಾ."

ಆ 'ನೀನು' ಕೇಳಿದ್ದೇ ತಡ, ಅವನೂ 'ನೀವು' ಬಿಟ್ಟ.

"ಬರ್ತೀನಿ ಕಣೇ" ಎಂದ.