ಸೋತು ಬಂದ ಚಾಂಪಿಯನ್ನಿಗೆ ಬ್ಯಾಂಡು

"ಬಾರ್ಸೋದಾ, ಬೇಡ್ವಾ?" ಎಂದು ಡ್ರಮ್ಮಿನ ಅಂತೋಣಪ್ಪ ಕೇಳಿದ.

ಬ್ಯಾಂಡ್ ಮಾಸ್ಟರ್ ಸಂತಿಯಾಗು ಟೋಪಿ ತೆಗೆದು ತಲೆ ಕೆರೆದುಕೊಂಡರು. ಸ್ಟೇಷನ್ ಮಾಸ್ಟರು ಈಗ ತಾನೇ ಬಂದು ಸುದ್ದಿ ಹೇಳಿ ಹೋಗಿದ್ದರು. ಮದ್ರಾಸಿನ ಬಾಕ್ಸಿಂಗ್ ಪಂದ್ಯದಲ್ಲಿ ಚಾಂಪಿಯನ್ ಪೌಲ್ ಸೋತರಂತೆ.

ಮೈಸೂರು ಸ್ಟೇಷನ್ನಿನ ಪ್ಲಾಟ್‌ಫಾರಂ ಮೇಲೆ ಕೆಂಪು ಕೋಟಿನ ಬ್ಯಾಂಡಿನವರೆಲ್ಲ ಸಾಲಾಗಿ ನಿಂತಿದ್ದರು. ಪಕ್ಕದಲ್ಲಿ ಪೌಲ್ ಅವರ ಮಗಳು ಆರೋಗ್ಯಮೇರಿ ಹೂವಿನ ಹಾರ ಹಿಡಿದಿದ್ದಳು. ಹಾರವನ್ನು ಎಲ್ಲಿ ಬಚ್ಚಿಡುವುದೆಂದು ಅವಳಿಗೆ ತೋಚಲಿಲ್ಲ.

ಗೇಟಿನ ಹತ್ತಿರ ಅವಳ ಕ್ಲಾಸಿನ ಅಂಬುಜಾ ನಿಂತಿದ್ದಳು. ಅವಳ ಜೊತೆ ಇನ್ನೂ ಅರ್ಧ ಕ್ಲಾಸು ಬಂದಿತ್ತು. "ನಮ್ಮಪ್ಪ ಗೆದ್ದು ಬರ್ತಾರೆ, ನೋಡೋಕೆ ಬನ್ರೇ" ಎಂದು ಎಲ್ಲರನ್ನೂ ಕರೆದವಳು ಮೇರಿಯೇ.

ಅವಳದ್ದೇನೂ ತಪ್ಪಿರಲಿಲ್ಲ. ಅಪ್ಪ ಹುಡುಗನಾಗಿದ್ದಾಗ ಬೆಂಗಳೂರು ದಂಡಿನಲ್ಲಿ ಅಕ್ಕಿ ಮೂಟೆ ಹೊರುತ್ತಿದ್ದರು. ಅಲ್ಲಿನ ಸೋಲ್ಜರೊಬ್ಬ ತಮಾಷೆಗೆ ಅವರ ಕೈಗೆ ಬಾಕ್ಸಿಂಗ್ ಗ್ಲೌಸು ಹಾಕಿಸಿದ. ಮೊದಲ ದಿನ ಅಪ್ಪ ಬಿದ್ದರು. ಆಮೇಲೆ ಬಹಳ ದಿನ ಬೀಳುತ್ತಲೇ ಇದ್ದರು. ಕಡೆಗೊಂದು ದಿನ ಸೋಲ್ಜರ್ ಬಿದ್ದ. ಮೇರಿ ಹುಟ್ಟಿದ ವರ್ಷ ಅಪ್ಪ ಹೆವಿವೇಯ್ಟ್ ಚಾಂಪಿಯನ್ ಆದರು. ಅಪ್ಪ ಚಾಂಪಿಯನ್ ಅಲ್ಲದ ಒಂದು ದಿನವನ್ನೂ ಅವಳು ನೋಡಿರಲಿಲ್ಲ.

ರೈಲು ಬಂತು. ಅಪ್ಪ ಇಳಿದರು. ಒಂದು ಕಣ್ಣು ಮುಚ್ಚಿಹೋಗಿತ್ತು. ತುಟಿ ಬದನೆಕಾಯಿಯಂತೆ ಊದಿತ್ತು. ತೆರೆದಿದ್ದ ಕಣ್ಣಿನಿಂದ ಅವರು ಬ್ಯಾಂಡನ್ನು ನೋಡಿದರು.

"ಯಾರ ಮದ್ವೆ?"

"ಮದ್ವೆ ಅಲ್ಲ, ನಿಮಗೇ ಕಣ್ರೀ ಪೌಲಣ್ಣ" ಎಂದರು ಸಂತಿಯಾಗು. "ಸುದ್ದಿ ಗೊತ್ತಾಗೋಕ್ ಮುಂಚೇನೇ ಬಂದ್ಬುಟ್ವಿ."

"ಬಂದಿದ್ದೀರಲ್ಲ, ಬಾರ್ಸಿ. ಏನೇನ್ ಬರುತ್ತೆ?"

"ಗೆದ್ದೋರಿಗೊಂದು ಬರುತ್ತೆ, ಸತ್ತೋರಿಗೊಂದು ಬರುತ್ತೆ. ಸೋತೋರಿಗೆ ಕಲ್ತಿಲ್ಲ."

ಅಪ್ಪ ಯೋಚಿಸಿದರು. "ಸತ್ತಿಲ್ವಲ್ಲ. ಮೊದಲ್ನೇದೇ ಇರ್ಲಿ."

ಬ್ಯಾಂಡು ಮುಂದೆ ಹೊರಟಿತು. ಅಪ್ಪ ಹಾರವನ್ನು ತಾವೇ ಇಸಕೊಂಡು ಕೊರಳಿಗೆ ಹಾಕಿಕೊಂಡರು. ಮೇರಿ ಹಿಂದೆ ಉಳಿದು, ಕಡಕೊಳದಿಂದ ತರಕಾರಿ ತಂದಿದ್ದ ಹೆಂಗಸೊಬ್ಬಳ ಪಕ್ಕದಲ್ಲಿ ಅವಳ ಮಗಳೇನೋ ಎಂಬಂತೆ ನಡೆದಳು.

ಬ್ಯಾಂಡಿನ ಸದ್ದಿಗೆ ಇರ್ವಿನ್ ರಸ್ತೆಯ ಜನರೆಲ್ಲ ಹೊರಗೆ ಬಂದರು.

"ಗೆದ್ರಾ ಪೌಲಪ್ಪ?" ಎಂದು ಗರಡಿಯ ಬೀರಯ್ಯ ಕೂಗಿದರು.

"ಸೋತೆ, ಬೀರಯ್ಯ. ಎಂಟ್ನೇ ರೌಂಡ್ನಲ್ಲಿ. ಆ ಹುಡುಗ ಬೋ ಚೆನ್ನಾಗಿ ಹೊಡೀತಾನೆ."

ಹೊರಗೆ ಬಿಸಿಲಿದೆ ಎಂದು ಹೇಳುವ ಹಾಗೆ ಅಪ್ಪ ಹೇಳಿದರು. ಟೈಲರ್ ಕೇಳಿದಾಗಲೂ ಹಾಗೇ, ಟಾಂಗಾದವನು ಕೇಳಿದಾಗಲೂ ಹಾಗೇ. ಹಿಂದೆ ಬರುತ್ತಿದ್ದ ಹುಡುಗಿಯರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮೇರಿಗೆ ಕಿವಿ ಬಿಸಿಯಾಯಿತು. ಅವಳು ಓಡಿ ಹೋಗಿ ಅಪ್ಪನ ಕೋಟು ಎಳೆದಳು.

"ಎಲ್ರಿಗೂ ಯಾಕಪ್ಪಾ ಹೇಳ್ತೀರಿ?"

"ಕೇಳ್ತಾರಲ್ಲ."

"ಸುಮ್ನೆ ತಲೆ ಆಡಿಸ್ಬುಡಿ. ಗೆದ್ರಿ ಅಂತ ಅಂದ್ಕೋತಾರೆ."

"ಗೆದ್ದಾಗೆಲ್ಲ ನಾನೇ ಹೇಳ್ಕೊಂಡು ಬಂದಿದ್ದೀನಿ ಕಣಮ್ಮ. ಇದೊಂದನ್ನ ಬೇರೆಯೋರ್ ಹೇಳ್ಲಿ ಅಂತ ಬಿಟ್ರೆ ಹೇಗೆ?" ಸ್ವಲ್ಪ ದೂರ ನಡೆದ ಮೇಲೆ ಅಪ್ಪ ಮತ್ತೆ ಹೇಳಿದರು. "ನಾನು ಗೆದ್ದ ದಿನ ಹಳೇ ಚಾಂಪಿಯನ್ನು ನನ್ನ ಕೈ ಹಿಡ್ಕೊಂಡು, 'ಊಟ ಆಯ್ತಾ?' ಅಂತ ಕೇಳ್ದ. ಮೊನ್ನೆ ಆ ಹುಡುಗನ್ನ ನಾನೂ ಕೇಳ್ದೆ. ಭಯಕ್ಕೆ ಬೆಳಗ್ಗಿಂದ ಏನೂ ತಿಂದಿರ್ಲಿಲ್ವಂತೆ."

"ಯಾರ್ ಭಯ?"

"ನಂದೇ."

"ಆಮೇಲೆ?"

"ಇಬ್ರೂ ಹೋಟ್ಲಿಗೆ ಹೋಗಿ ಇಡ್ಲಿ ತಿಂದ್ವಿ. ಅವ್ನು ಮೊದ್ಲೇ ತಿಂದ್ಕೊಂಡ್ ಬಂದಿದ್ರೆ ನಾನು ನಾಲ್ಕ್ನೇ ರೌಂಡಲ್ಲೇ ಸೋಲ್ತಿದ್ದೆ."

ಮಾತಾಡಿ ಮಾತಾಡಿ ಅಪ್ಪನ ತುಟಿ ಮತ್ತೆ ಒಡೆಯಿತು. ಅವರು ಅಂಗೈಯಿಂದ ರಕ್ತ ಒರೆಸಿಕೊಂಡರು. ಆ ಕೈಯೂ ಊದಿತ್ತು.

ದೊಡ್ಡ ಚರ್ಚು ಕಟ್ಟುತ್ತಿದ್ದ ಕಡೆ ತಿರುಗುವ ಮೂಲೆಯಲ್ಲಿ ಹೂವಿನ ಶಿವನಂಜಮ್ಮ ಕೂತಿದ್ದರು. ಸರಿಯಾಗಿ ಅಲ್ಲೇ ಬ್ಯಾಂಡಿನವರು ದಣಿದು ಬಾರಿಸುವುದನ್ನು ನಿಲ್ಲಿಸಿದರು.

"ಏನಾಯ್ತಪ್ಪಾ ಪೌಲು?" ಎಂದು ಶಿವನಂಜಮ್ಮ ಕೇಳಿದರು.

ಅಪ್ಪ ಬಾಯಿ ತೆರೆದರು. ರಕ್ತ ಗಲ್ಲಕ್ಕೆ ಇಳಿಯಿತು.

"ಸೋತ್ರು ಕಣಜ್ಜಿ" ಎಂದಳು ಮೇರಿ. "ಎಂಟ್ನೇ ರೌಂಡ್ನಲ್ಲಿ."

ಅಂದುಕೊಂಡದ್ದಕ್ಕಿಂತ ಜೋರಾಗಿಯೇ ಹೇಳಿಬಿಟ್ಟಿದ್ದಳು. ಹಿಂದೆ ಅಂಬುಜಾಗೆ ಕೇಳಿಸಿತು. ಎಲ್ಲರಿಗೂ ಕೇಳಿಸಿತು.

"ಓಹೋ" ಎಂದರು ಶಿವನಂಜಮ್ಮ. ಮತ್ತೆ ಹೂ ಕಟ್ಟತೊಡಗಿದರು.

ಮೇರಿ ಕಾದಳು. ಬೇರೇನೂ ಆಗಲಿಲ್ಲ. ಅಂಬುಜಾ ಹತ್ತಿರ ಬಂದು, "ಎಂಟು ರೌಂಡ್ ಅಂದ್ರೆ ತುಂಬಾ ಹೊತ್ತೇನೇ?" ಎಂದು ಕೇಳಿದಳು.

"ತುಂಬಾನೇ" ಎಂದಳು ಮೇರಿ.

ಅಷ್ಟರಲ್ಲಿ ಎದುರು ಮನೆಯ ಜಗಲಿಯಿಂದ ಶಾಮಣ್ಣನವರು ಪಂಚೆ ಸರಿಮಾಡಿಕೊಳ್ಳುತ್ತಾ ಇವರ ಕಡೆಗೇ ಬಂದರು. ಈ ಸಲ ಅಪ್ಪ ಬಾಯಿ ತೆರೆಯಲೇ ಇಲ್ಲ. ಮೇರಿಯ ಕಡೆ ನೋಡಿದರು.

ಮೇರಿ ಗಂಟಲು ಸರಿಮಾಡಿಕೊಂಡಳು.